ದೂಜಣ್ಣ ಬಿಟ್ಟುಹೋದದ್ದು

ಉಯಿಲು ಬರೆದವರು ಬೇಗ ಸಾಯುತ್ತಾರೆ ಎಂದು ದೂಜಣ್ಣ ಗಟ್ಟಿಯಾಗಿ ನಂಬಿದ್ದರು. ಅದಕ್ಕೇ ಬರೆಯಲಿಲ್ಲ. ಬರೆಯದೆಯೇ, ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ, ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗೋಳಿಬಜೆಗೆ ಹಿಟ್ಟು ಕಲಸುವ ಹೊತ್ತಿಗೆ, ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂತಲ್ಲಿಯೇ ತೀರಿಕೊಂಡರು.

ಅವರ ಹೋಟೆಲು ವಡಾಲ ಸ್ಟೇಷನ್ನಿನ ಹೊರಗೆ. ಆಗೆಲ್ಲ ಅಲ್ಲಿ ಸಂಜೆಯಾದರೆ ಉಪ್ಪಿನ ಗದ್ದೆಗಳ ಗಾಳಿ ಬೀಸುತ್ತಿತ್ತು. ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ಕೂರಲು ಜಾಗ ಸಿಗುತ್ತಿತ್ತು ಎಂದು ಈಗಿನವರಿಗೆ ಹೇಳಿದರೆ, ವಯಸ್ಸಾದವರು ಬಿಡುವ ಸುಳ್ಳುಗಳಲ್ಲಿ ಇದೂ ಒಂದು ಎಂದು ನಗುತ್ತಾರೆ. ಬಂದರಿನ ಕೂಲಿಗಳು, ರೈಲ್ವೆಯವರು, ಒಂದು ಕಾಫಿ ತೆಗೆದುಕೊಂಡು ಹೋಟೆಲಿನ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಿ ಏಳುವ ನಮ್ಮಂಥ ಮೈಸೂರು ಕಡೆಯ ಗುಮಾಸ್ತರು, ಇವರೇ ಗಿರಾಕಿಗಳು. ಮೊದಲಿನ ಇಬ್ಬರಿಂದ ಹೋಟೆಲು ನಡೆಯುತ್ತಿತ್ತು, ನಮ್ಮಿಂದ ಅದಕ್ಕೆ ಪುಕ್ಕಟೆ ಸಲಹೆ ಸಿಗುತ್ತಿತ್ತು.

ಸೀನ ದೂಜಣ್ಣನ ಅಕ್ಕನ ಮಗ. ತುಳುನಾಡಿನ ಅಳಿಯಸಂತಾನದ ಕಟ್ಟಿನಲ್ಲಿ ಮಾವನದು ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ. ಆದ್ದರಿಂದ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಬಂದ ಸೀನನಿಗೆ ಮಾವ ಸಂಬಳ ಎಂಬುದನ್ನು ಕೊಟ್ಟಿರಲಿಲ್ಲ, ಸೀನ ಕೇಳಿಯೂ ಇರಲಿಲ್ಲ. ತನ್ನ ಮನೆಯ ಬಾವಿಯಿಂದ ನೀರು ಸೇದಿದ್ದಕ್ಕೆ ಕೂಲಿ ಕೇಳುವವರು ಉಂಟೇ? ಅದರ ಬದಲು ಅವನಿಗೆ ಬೈಗುಳ ಸಿಗುತ್ತಿತ್ತು. ಸಾಂಬಾರಿಗೆ ಬೆಲ್ಲ ಹೆಚ್ಚಾದರೆ, ಲೋಟದ ಅಂಚಿನಲ್ಲಿ ಕರೆ ಉಳಿದರೆ, "ನಾಳೆ ಇದೆಲ್ಲ ನಿನ್ನದೇ ಅಲ್ವಾ, ಈಗಲೇ ಹಾಳು ಮಾಡ್ತೀಯಾ?" ಎಂದು ಮಾವ ಗುಡುಗುತ್ತಿದ್ದರು. ಅಡಿಗೆಭಟ್ಟರಿಗಾಗಲಿ ಮಾಣಿಗಳಿಗಾಗಲಿ ಈ ಬೈಗುಳ ಇರಲಿಲ್ಲ. ಇದೇ ತನ್ನ ಪಟ್ಟಾಭಿಷೇಕವೆಂದು ತಿಳಿದು ಸೀನ ದಿನಾ ಅದನ್ನು ತಲೆ ತಗ್ಗಿಸಿ ಸ್ವೀಕರಿಸುತ್ತಿದ್ದ.

ಮಾವ ಊರಿಗೆ ಹೋಗಿ ಮದುವೆಯಾದಾಗಲೂ ಸೀನ ಹೋಟೆಲು ಕಾಯುತ್ತಿದ್ದ. ಮುಂದಿನ ವರ್ಷ ಮಾಮಿ ಅಕ್ಕು ಊರಿನವರೊಂದಿಗೆ ಹಡಗಿನಲ್ಲಿ ಬಂದಳು. ಮಾವ ಕುರ್ಚಿ ಬಿಟ್ಟು ಏಳುವವರಲ್ಲ. ಕರೆತರಲು ಸೀನನನ್ನೇ ಹಡಗು ನಿಲ್ಲುವ ಧಕ್ಕೆಗೆ ಕಳಿಸಿದರು. ನಾನು ಅವರ ಮುಖವನ್ನೇ ನೋಡಿಲ್ಲ, ಗುರುತು ಹೇಗೆ ಹಿಡಿಯಲಿ ಎಂದು ಸೀನ ಕೇಳಿದ.

"ಎಲ್ಲರನ್ನೂ ಬೈಯುತ್ತಾ ಯಾರು ಇಳೀತಾಳೋ, ಅವಳೇ ನಿನ್ನ ಮಾಮಿ" ಎಂದರು ದೂಜಣ್ಣ.

ಗುರುತು ತಪ್ಪಲಿಲ್ಲ. ಹಲಸಿನ ಹಪ್ಪಳದ ಡಬ್ಬಿಯ ಮೇಲೆ ಯಾರೋ ಕೂತರೆಂದು ಇಡೀ ಹಡಗಿಗೆ ಶಾಪ ಹಾಕುತ್ತಾ ಅಕ್ಕು ಇಳಿದಿದ್ದಳು.

ಮಕ್ಕಳಾಗಲಿಲ್ಲ. ಹೋಟೆಲಿನ ಮೇಲಿನ ಖೋಲಿಯಲ್ಲಿ ಆಕೆಯ ಬಿಡಾರ, ಕೆಳಗೆ ಹಿಟ್ಟಿನ ಮೂಟೆಗಳ ಪಕ್ಕ ಸೀನನ ಹಾಸಿಗೆ. ದೂಜಣ್ಣ ಹೋದ ಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಕೂರಬೇಕಾದವನು ಸೀನನೇ ಎಂದು ಎಲ್ಲರಿಗೂ ಗೊತ್ತಿತ್ತು. ಊರಿನಿಂದ ಬಂದವರ ಬಾಯಲ್ಲಿ ಅವನ ತಾಯಿ ಶೀಲಾವತಿ ಒಂದೇ ಮಾತು ಕೇಳಿ ಕಳಿಸಿದ್ದಳು: ಮಾವನ ಕುರ್ಚಿಯಲ್ಲಿ ಮಗ ಕೂತನಾ?

ಆದರೆ ಕಟ್ಟಡದ ಸೇಠ್ ಬಂದು, ಸತ್ತವರ ಹೆಸರಿನಲ್ಲಿ ಬಾಡಿಗೆ ರಸೀದಿ ಎಷ್ಟು ದಿನ ಬರೆಯಲಿ, ಕೋರ್ಟಿನಿಂದ ಕಾಗದ ತನ್ನಿ, ಅದರಲ್ಲಿರುವ ಹೆಸರು ಬರೆಯುತ್ತೇನೆ ಎಂದು ಮೃದುವಾಗಿಯೇ ಹೇಳಿದ. ಸೀನ ಮಡಿ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟು, ವಾರಸುದಾರನ ಗಾಂಭೀರ್ಯದಿಂದ ಮಾಟುಂಗಕ್ಕೆ ಹೋದ. ನಮ್ಮ ಕಾಫಿ ಮೇಜಿನವರೇ ಆದ ಸೀತಾರಾಮಯ್ಯ ಅಲ್ಲಿ ವಕೀಲರು.

ಅವರು ಮೃತರಿಗೆ ಹೆಂಡತಿ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ. ಮಕ್ಕಳು? ಇಲ್ಲ. ತಾಯಿ? ಅವರು ಎಂದೋ ಹೋದರು.

"ಹಾಗಾದ್ರೆ ಮುಗೀತಲ್ಲಪ್ಪ. ಎಲ್ಲಾ ಆಕೇದೇ. ಅರ್ಜೀನೂ ಆಕೇನೇ ಹಾಕ್ಬೇಕು."

ಸೀನ ತಮ್ಮ ಕಟ್ಟನ್ನು ವಿವರಿಸಿದ. ಸೀತಾರಾಮಯ್ಯ ಪೂರ್ತಿ ಕೇಳಿ, ಹೋದ ವರ್ಷ ಡೆಲ್ಲಿಯಲ್ಲಿ ಹೊಸ ಕಾಯ್ದೆ ಆಗಿದೆ, ಉಯಿಲಿಲ್ಲದೆ ಸತ್ತವರ ಆಸ್ತಿ ಇನ್ನು ಅದರ ಪ್ರಕಾರವೇ ಹೋಗುತ್ತದೆ ಎಂದರು.

"ಹಾಗಾದರೆ ನಾನು ಎಂತ ಆದೆ ವಕೀಲರೇ?"

ಸೀತಾರಾಮಯ್ಯ ಪುಸ್ತಕ ತೆಗೆದು ನಿಜವಾಗಿಯೂ ಹುಡುಕಿದರು. ಅಕ್ಕನ ಮಗ ಸಿಕ್ಕಿದ, ಆದರೆ ಬಹಳ ಕೆಳಗೆ. ಹೆಂಡತಿ ಇರುವಾಗ ಅಲ್ಲಿಯವರೆಗೆ ಏನೂ ಇಳಿಯುವಂತಿರಲಿಲ್ಲ.

ಸೀನ ಟ್ರಾಮು ಹತ್ತದೆ ನಡೆದೇ ವಾಪಸಾದ. ಮಾಮಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವನನ್ನು ಕೊರೆದದ್ದು ಬೇರೆ. ಮಾಲಕನಲ್ಲ ಎಂದಾಯಿತು. ನೌಕರನೆನ್ನೋಣವೆಂದರೆ ಒಂದು ದಿನವೂ ಸಂಬಳ ಪಡೆದವನಲ್ಲ. ಇಷ್ಟು ವರ್ಷ ಇಡ್ಲಿ ಬೇಯಿಸಿದ ಮನೆಯಲ್ಲಿ ತನಗೊಂದು ಹೆಸರೇ ಇಲ್ಲವಲ್ಲ! ಅವನು ಯಾರಿಗೂ ಹೇಳದೆ ಪರೇಲಿನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿ ಅಡಿಗೆ ಕೆಲಸ ಗೊತ್ತುಮಾಡಿಕೊಂಡ. ಕೋರ್ಟಿನ ಕೆಲಸ ಮುಗಿಸಿಕೊಟ್ಟು ಹೊರಡುವುದೆಂದು ಹಾಸಿಗೆ ಸುತ್ತಿಟ್ಟ.

ಅರ್ಜಿಗೆ ಪ್ರಮಾಣ ಮಾಡುವ ದಿನ ಅವನೇ ಮಾಮಿಯನ್ನು ಲೋಕಲ್ಲಿನಲ್ಲಿ ಬೋರಿಬಂದರಿಗೆ ಕರೆದೊಯ್ದ. ಅಲ್ಲಿಂದ ಕೋರ್ಟಿಗೆ ನಡಿಗೆ. ಕಲ್ಲಿನ ಉದ್ದನೆಯ ಪಡಸಾಲೆಯಲ್ಲಿ ಸೀತಾರಾಮಯ್ಯ ಕಾದಿದ್ದರು. ಒಳಗೆ ಪ್ರಮಾಣ ಮಾಡಿಸುವ ಅಧಿಕಾರಿ, ಕನ್ನಡಕದ ಮರಾಠಿಯವರು, ಮೊದಲು ಕೇಳಿದ್ದು ಗಂಡನ ಹೆಸರು.

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಕ್ಕು ಅದನ್ನು ಎಂದೂ ಹೇಳಿದವಳಲ್ಲ. ಈಗ ಅವನಿಗೆ ಆಯುಸ್ಸೇ ಇಲ್ಲದಿದ್ದರೂ ನಾಲಿಗೆ ಏಳಲಿಲ್ಲ. ಅಧಿಕಾರಿ ಮತ್ತೆ ಕೇಳಿದರು. ಅಕ್ಕು ಸೀನನತ್ತ ನೋಡಿದಳು. ಗಂಡನ ಹೆಸರೇ ಬಾರದ ಹೆಂಡತಿಯೇ ಎಂದು ಅಧಿಕಾರಿಗೆ ಸಂಶಯ ಹುಟ್ಟಿತು. ಈಕೆಯನ್ನು ಬಲ್ಲವರು ಯಾರು ಎಂದರು. ಸೀತಾರಾಮಯ್ಯ ಪಕ್ಕಕ್ಕೆ ಸರಿದರು. ಅವರು ಬಲ್ಲದ್ದು ಆ ಮನೆಯ ಕಾಫಿಯನ್ನು ಮಾತ್ರ, ಮೇಲಿನ ಖೋಲಿಯಿಂದ ಇಳಿಯದ ಅಕ್ಕುವನ್ನು ಅಂದು ಮೊದಲ ಸಲ ನೋಡುತ್ತಿದ್ದರು. ಸೀನ ಮುಂದೆ ಬಂದ.

"ತುಮ್ ಕೌನ್?" ಎಂದರು ಅಧಿಕಾರಿ.

ನೀನು ಯಾರು ಎಂಬುದು ತಿಂಗಳಿನಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಮಾಲಕ ಎಂದರೆ ಸುಳ್ಳು, ನೌಕರ ಎಂದರೂ ಸುಳ್ಳು. ಅದೂ ಪ್ರಮಾಣ ಮಾಡುವ ಕೋಣೆಯಲ್ಲಿ.

ಅಕ್ಕುವಿಗೆ ತಾಳ್ಮೆ ತಪ್ಪಿತು. "ಬಾಯಲ್ಲಿ ಎಂತ ಕಡುಬು ಉಂಟಾ ನಿನಗೆ? ಧಕ್ಕೆಯಲ್ಲಿ ಅಷ್ಟು ಜನರ ನಡುವೆ ನನ್ನ ಗುರುತು ಹಿಡಿದವ ನೀನು. ನೀನು ಹೇಳದಿದ್ದರೆ ಈ ಊರಲ್ಲಿ ನಾನು ಯಾರು ಅಂತ ಹೇಳಲಿಕ್ಕೆ ಮತ್ಯಾರಿದ್ದಾರೆ? ವಕೀಲರೇ, ನೀವಾದರೂ ಆ ಮಾರಾಯರಿಗೆ ಹೇಳಬಾರದಾ, ಕಂಬದ ಹಾಗೆ ನಿಂತಿದ್ದೀರಿ."

ಇಂಗ್ಲಿಷು ಕಾನೂನು ಅರೆದು ಕುಡಿದ ಸೀತಾರಾಮಯ್ಯ ಕಂಬದ ಹಾಗೆಯೇ ನಿಂತರು. ಸೀನನಿಗೆ ಮಾತ್ರ ಮೀನಿನ ವಾಸನೆಯ ಆ ಧಕ್ಕೆ, ನಜ್ಜುಗುಜ್ಜಾದ ಹಪ್ಪಳದ ಡಬ್ಬಿ, ಮಾವನ ಮಾತು, ಎಲ್ಲ ಒಟ್ಟಿಗೆ ನೆನಪಾಗಿ ನಗು ಬಂತು. ಇದು ನಮ್ಮ ಮಾಮಿಯೇ ಸಾಹೇಬರೇ ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿದ. ಮಾವನ ಹೆಸರನ್ನೂ ಅವನೇ ಹೇಳಿದ. 'ಅಣ್ಣ' ಸೇರಿಸದೆ ಬರೀ 'ದೂಜ' ಎಂದದ್ದು ಅದೇ ಮೊದಲು. ಅಧಿಕಾರಿ ಇಬ್ಬರನ್ನೂ ನೋಡಿ, ಇಷ್ಟು ಬೈಸಿಕೊಂಡು ನಗುವವನು ಮನೆಯವನೇ ಇರಬೇಕೆಂದು ಗುರುತಿಸಿದವರ ಜಾಗದಲ್ಲಿ ಸಹಿ ಹಾಕಿಸಿಕೊಂಡರು.

ಮಳೆಗಾಲ ಕಳೆದು ಕಾಗದ ಬಂತು. ಅದನ್ನು ತಂದ ಸೀತಾರಾಮಯ್ಯ ಕಾಫಿ ಕುಡಿಯುತ್ತಿದ್ದರು. ಅಕ್ಕು ಕೆಳಗಿಳಿದು ಬಂದಿದ್ದಳು. ಸೀನ ಹಾಸಿಗೆಯ ಸುರುಳಿ ಹೆಗಲಿಗೇರಿಸಿ, ಮಾಮಿ, ಇನ್ನು ನಾನು ಪರೇಲಿಗೆ ಹೋಗುತ್ತೇನೆ ಎಂದ.

ಅಕ್ಕು ಸೀತಾರಾಮಯ್ಯನವರತ್ತ ತಿರುಗಿದಳು. ಅರ್ಜಿಯಲ್ಲಿ ನಾನು ಪ್ರಮಾಣ ಮಾಡಿದ್ದು ಎಂತ ಎಂದು ವಕೀಲರನ್ನು ಕೇಳಿದಳು. ಮೃತರು ಬಿಟ್ಟುಹೋದದ್ದನ್ನೆಲ್ಲ ಹಾಳಾಗದಂತೆ ನೋಡಿಕೊಂಡು ಕೋರ್ಟಿಗೆ ಲೆಕ್ಕ ಒಪ್ಪಿಸುತ್ತೇನೆ ಎಂದು, ಎಂದರು ಸೀತಾರಾಮಯ್ಯ.

"ಕೇಳಿತಲ್ಲ? ಅವರು ಬಿಟ್ಟುಹೋದದ್ದರಲ್ಲಿ ನೀನೂ ಉಂಟು. ನಾಳೆ ಕೋರ್ಟಿನವರು ಅಳಿಯ ಎಲ್ಲಿ ಅಂತ ಕೇಳಿದರೆ, ಪರೇಲಿನಲ್ಲಿ ಯಾರಿಗೋ ಅನ್ನ ಬೇಯಿಸ್ತಾನೆ ಅಂತ ಹೇಳ್ಲಾ? ಹಾಸಿಗೆ ಬಿಚ್ಚು. ಈ ತಿಂಗಳಿಂದ ಸಂಬಳ ತಕ್ಕೊ. ಈಗ ಅಲ್ಲಿ ಕೂತ್ಕೊ, ಗಿರಾಕಿ ನಿಂತಿದ್ದಾರೆ."

ಹಾಗೆ ನಿಂತಿದ್ದವರಲ್ಲಿ ನಾವೂ ಇದ್ದೆವು. ಇಂಥ ಹೊತ್ತಿನಲ್ಲೂ ಸಲಹೆ ಕೊಡಲು ಬಾಯಿ ತೆರೆದವರು, ಅಕ್ಕುವಿನ ಮುಖ ನೋಡಿ ಮುಚ್ಚಿಕೊಂಡೆವು. ಸೀನ ಕುರ್ಚಿಯ ತುದಿಯಲ್ಲಿ, ಬಿಸಿ ಕಾವಲಿಯ ಮೇಲೆ ಕೂತವನಂತೆ ಕೂತ. ಮೊದಲ ಗಿರಾಕಿಗೇ ಚಿಲ್ಲರೆ ತಪ್ಪಿ ಕೊಟ್ಟ. ಹಿಂದಿನಿಂದ ಮಾಮಿಯ ದನಿ ಏರಿತು: "ಕೂತ ದಿನವೇ ಹಾಳು ಮಾಡ್ತೀಯಾ?"

ಆ ವಾರ ಊರಿಗೆ ಹೊರಟವರೊಬ್ಬರು ಶೀಲಾವತಿಗೆ ಏನು ಹೇಳಲಿ ಎಂದು ಕೇಳಿದರು. ಸೀನ ನಾಚಿಕೊಂಡು ಹೇಳಿದ:

"ಕೂತಿದ್ದಾನೆ ಅಂತ ಹೇಳಿ. ಮಾಮಿ ಬೈತಾ ಇದ್ದಾರೆ ಅಂತಲೂ ಹೇಳಿ. ಅಮ್ಮನಿಗೆ ಅರ್ಥ ಆಗ್ತದೆ."