ಸೊನ್ನೆ ಜಯಪಾಲನ ಮನೆಯ ಮೀನು

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಜಯಪಾಲ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಮೀನಿನ ತೊಟ್ಟಿಯ ಗಾಜಿಗೆ ಮೂಗು ತಾಗುವಷ್ಟು ಬಾಗಿ, ಒಂದು ಮೀನು ಉಗುಳುವುದನ್ನು ನೋಡುತ್ತಿದ್ದ. ಮೀನು ಉಗುಳುತ್ತದೆ ಎಂಬುದೇ ಅವನಿಗೆ ಹೊಸ ಸಂಗತಿ. ಸಾಸಿವೆಗಿಂತ ಸಣ್ಣದೊಂದು ಕೆಂಪು ಗುಳಿಗೆ ನೀರಿನಲ್ಲಿ ನಿಧಾನವಾಗಿ ಇಳಿಯಿತು. ತೆಂಗಿನ ಗೆರಟೆಯ ಬಾಯಲ್ಲಿ ನಿಂತಿದ್ದ ಹೆಣ್ಣು ಮೀನು ಅದನ್ನು ಸೆಳೆದುಕೊಂಡು, ಎರಡು ಸಲ ದವಡೆ ಆಡಿಸಿ, ಹೊರಗೆ ಹಾಕಿತು. ಗುಳಿಗೆ ಮರಳಿನ ಮೇಲೆ ಬಿತ್ತು. ಮೀನು ಗೆರಟೆಯೊಳಗೆ ಹೋಯಿತು.

"ತಿಂದಿತಾ?" ಅಡುಗೆಮನೆಯಿಂದ ಹೆಂಡತಿ ಗುಣವತಿ ಕೇಳಿದಳು.

"ರುಚಿ ನೋಡಿತು."

"ನನ್ನ ಅಡುಗೆಗೆ ನೀವು ಹಾಗೆ ಮಾಡಿದ್ದರೆ ಗೊತ್ತಾಗ್ತಿತ್ತು ನಿಮಗೆ."

ಆ ಜೋಡಿಯನ್ನು ಅವನು ತಂದದ್ದು ಹಿಂದಿನ ಭಾನುವಾರ. ಅಂಗಡಿಯವರು ಅವನ್ನು ಅಪಿಸ್ಟೊ ಎಂದು ಕರೆಯುತ್ತಾರೆ. ಸಿಕ್ಲಿಡ್ ಎಂಬ ದೊಡ್ಡ ಬಳಗದ ಮೀನುಗಳಲ್ಲಿ ಇವು ಕುಳ್ಳ ಜಾತಿ. ಇವುಗಳ ತವರು ದಕ್ಷಿಣ ಅಮೆರಿಕದ ಕಾಡುಹೊಳೆಗಳು, ಅಲ್ಲಿ ಕೊಳೆತ ಎಲೆಗಳ ನಡುವೆ ತಳದಲ್ಲಿ ಬದುಕುತ್ತವೆ. ಗಂಡು ತೋರುಬೆರಳಿನಷ್ಟು ಉದ್ದ, ಬೆನ್ನಿನ ಈಜುರೆಕ್ಕೆ ಕೋಳಿಯ ಜುಟ್ಟಿನಂತೆ. ಹೆಣ್ಣು ಅದರ ಅರ್ಧದಷ್ಟು, ಬಣ್ಣ ಒಣ ಬಾಳೆ ಎಲೆಯದು, ಮೈಯುದ್ದಕ್ಕೂ ಒಂದು ಕಪ್ಪು ಗೆರೆ. ಗಂಡು ಹಾಕಿದ್ದನ್ನೆಲ್ಲ ತಿನ್ನುತ್ತಿತ್ತು. ಹೆಣ್ಣು ಐದು ದಿನಗಳಿಂದ ಏನನ್ನೂ ನುಂಗಿರಲಿಲ್ಲ, ಅದರ ಹೊಟ್ಟೆ ಒಳಕ್ಕೆ ಎಳೆದುಕೊಂಡಿತ್ತು.

ಜಯಪಾಲ ಜೀವನದಲ್ಲಿ ಉಪಯೋಗವಿಲ್ಲದ ವಸ್ತುವೊಂದನ್ನು ಆಸೆಪಟ್ಟು ಕೊಂಡದ್ದು ಇದೇ ಮೊದಲು. ಅದು ಹಸಿವಿನಿಂದ ಸಾಯುವುದನ್ನು ನೋಡುತ್ತ ಕೂರುವುದು ಅವನಿಂದ ಆಗುತ್ತಿರಲಿಲ್ಲ.

"ಮೀನಿಗೆ ಮಸಾಲೆ ಅರೆಯುವುದು ನನಗೆ ಗೊತ್ತುಂಟು," ಗುಣವತಿ ಚಹಾದ ಲೋಟ ಅವನ ಪಕ್ಕ ಇಟ್ಟಳು. "ಮೀನಿಗೆ ತಿಂಡಿ ಮಾಡುವುದು ಗೊತ್ತಿಲ್ಲ ಮಾರಾಯ್ರೆ. ಇದು ಸಾಯುವ ಮೊದಲು ಕೊಟ್ಟವನನ್ನೇ ಹೋಗಿ ಕೇಳಿ."

ಜಯಪಾಲನ ಕೆಲಸ ನುಸಿಯದ್ದು. ಮಂಗಳೂರಿನಲ್ಲಿ ಸೊಳ್ಳೆಗೆ ನುಸಿ ಎನ್ನುತ್ತಾರೆ. ಯೌವನದಲ್ಲಿ ಪಣಂಬೂರಿನ ಬಂದರಿನಲ್ಲಿ ಲಾರಿಗಳಿಗೆ ಟಾರ್ಪಾಲು ಕಟ್ಟುತ್ತಿದ್ದಾಗ ಅವನಿಗೆ ಮಲೇರಿಯಾ ಬಂತು. ದಿನ ಬಿಟ್ಟು ದಿನ, ಸಂಜೆ ಅದೇ ಹೊತ್ತಿಗೆ ನಡುಕ. ಜ್ವರಕ್ಕೆ ಗಡಿಯಾರ ಹೇಗೆ ಗೊತ್ತು ಎಂದು ಹಲ್ಲು ಕಟಕಟ ಎನ್ನುವಾಗಲೂ ಅವನಿಗೆ ಅನಿಸುತ್ತಿತ್ತು. ರಕ್ತ ಪರೀಕ್ಷೆ ಮಾಡಿದ ಹುಡುಗಿಯನ್ನು ಕೇಳಿಯೇಬಿಟ್ಟ. ಆಕೆ ಸೂಕ್ಷ್ಮದರ್ಶಕದಲ್ಲಿ ಅವನ ರಕ್ತವನ್ನು ಅವನಿಗೇ ತೋರಿಸಿದಳು. ತೆಳು ಗುಲಾಬಿ ಬಿಲ್ಲೆಗಳು, ಒಂದೆರಡರ ಒಳಗೆ ಸಣ್ಣ ನೀಲಿ ಉಂಗುರ. "ಇದರಲ್ಲಿ ನಾನು ಯಾವುದು?" ಎಂದು ಅವನು ಕೇಳಿದನಂತೆ. ಗುಣವಾದ ಮೇಲೆ ಬಂದರಿಗೆ ವಾಪಸ್ ಹೋಗಲಿಲ್ಲ. ಮನೆಮನೆಗೆ ಹೋಗಿ ನಿಂತ ನೀರಿನಲ್ಲಿ ನುಸಿಯ ಮರಿಹುಳು ಹುಡುಕುವ ತಂಡಕ್ಕೆ ಸೇರಿದ. ಅದಾಗಿ ಈಗ ಮೂವತ್ತು ವರ್ಷಗಳ ಹತ್ತಿರ ಬಂತು.

ಆ ಕೆಲಸದ ಮುಖ್ಯ ಉಪಕರಣ ಉದ್ದ ಹಿಡಿಯ ಒಂದು ಬಿಳಿ ಸೌಟು. ನೀರಿನಲ್ಲಿ ಅದ್ದಿ ತೆಗೆದರೆ ಬಿಳಿಯ ಮೇಲೆ ಮರಿಹುಳುಗಳು ದಾರದ ತುಂಡಿನಂತೆ ಎದ್ದು ಕಾಣುತ್ತವೆ. ಎಣಿಸಿ ಗಟ್ಟಿಯಾಗಿ ಹೇಳಬೇಕು, ಜೊತೆಗಿರುವವರು ಅದನ್ನು ದಾಖಲಿಸುತ್ತಾರೆ. ಒಂದೂ ಇಲ್ಲದಿದ್ದರೆ ಜಯಪಾಲ "ಸೊನ್ನೆ!" ಎನ್ನುವ ರೀತಿ ಮೂರು ಮನೆಯಾಚೆಗೆ ಕೇಳಿಸುತ್ತಿತ್ತು. ಪಡೀಲಿನ ಓಣಿಗಳಲ್ಲಿ ಅವನ ಹೆಸರು ಸೊನ್ನೆ ಜಯಪಾಲ. ಅವನು ವಾಸವಿದ್ದ ಶಕ್ತಿನಗರದ ಓಣಿಯಲ್ಲೂ ಅದೇ ಹೆಸರು, ಏಕೆಂದರೆ ರಜೆಯ ದಿನ ಯಾರೂ ಹೇಳದಿದ್ದರೂ ಅಕ್ಕಪಕ್ಕದವರ ಟ್ಯಾಂಕಿಗೆ ಸೌಟು ಇಳಿಸುತ್ತಿದ್ದ.

ಅಂದು ಕೆಲಸಕ್ಕೆ ಹೊರಟ ಜಯಪಾಲ ಬಂದಾಗ ಸಾಕುಮೀನಿನ ಅಂಗಡಿಯ ರಾಝಿಕ್ ಆಗಷ್ಟೇ ಷಟರ್ ಎತ್ತುತ್ತಿದ್ದ. ಪಡೀಲಿನ ಮುಖ್ಯರಸ್ತೆಯ ಆ ಅಂಗಡಿ ಜಯಪಾಲನ ಕೆಲಸದ ದಾರಿಯಲ್ಲೇ ಇತ್ತು.

"ಗಂಡು ತಿಂತದೆ, ಹೆಣ್ಣು ಉಗುಳ್ತದೆ," ಎಂದ ಜಯಪಾಲ. "ಗುಳಿಗೆ ಉಗುಳಿತು. ನೀನು ಕೊಟ್ಟ ಐಸಿನಲ್ಲಿಟ್ಟ ಹುಳ ಕರಗಿಸಿ ಹಾಕಿದೆ, ಅದನ್ನೂ ಉಗುಳಿತು. ಎಂತ ಅದು, ಅಷ್ಟು ಸಣ್ಣ ಬಾಯಿಗೆ ಅಷ್ಟು ಹಟ?"

"ಹಟ ಅಲ್ಲ ಅಣ್ಣ. ಗಂಡು ತೊಟ್ಟಿಯಲ್ಲೇ ಹುಟ್ಟಿದ್ದು. ಹೆಣ್ಣು ಹೊಳೆಯಿಂದ ಹಿಡಿದು ತಂದದ್ದು. ಅದರ ಲೆಕ್ಕದಲ್ಲಿ ಓಡುವುದು ಮಾತ್ರ ತಿಂಡಿ, ಬಿದ್ದುಕೊಂಡಿರುವುದೆಲ್ಲ ಕಸ. ಜೀವ ಇರುವುದೇ ಕೊಡಬೇಕು. ಹೊಟ್ಟೆ ಹೇಗುಂಟು?"

"ಬೆನ್ನಿಗೆ ಅಂಟಿದ ಹಾಗೆ."

ರಾಝಿಕ್ ಷಟರಿನ ಕೊಕ್ಕೆ ಕೆಳಗಿಟ್ಟ. "ಹಾಗಾದರೆ ಇವತ್ತು ನಾಳೆಯೊಳಗೆ ಏನಾದರೂ ಹೋಗಬೇಕು ಒಳಗೆ. ವಾಪಸ್ ತಂದರೂ ನನ್ನ ಹತ್ತಿರ ಜೀವದ ತಿಂಡಿ ಇಲ್ಲ."

"ಯಾವುದು ಕೊಟ್ಟರೆ ಆದೀತು?"

ರಾಝಿಕ್ ಅವನ ಚೀಲದಿಂದ ಹೊರಗೆ ಚಾಚಿದ್ದ ಬಿಳಿ ಸೌಟನ್ನು ನೋಡಿದ, ಅವನ ಮುಖ ನೋಡಿದ, ನಗಲು ಶುರುಮಾಡಿದ. "ಅದನ್ನು ನಾನು ಹೇಳಬೇಕಾ ಅಣ್ಣ, ನೀವು ಹೇಳಬೇಕಾ?"

ಮನೆಯಲ್ಲಿ ಒಂದು ಬಕೆಟ್ ನೀರು ತೆರೆದಿಟ್ಟರೆ ನುಸಿ ತಾನಾಗಿ ಬಂದು ಮೊಟ್ಟೆ ಇಡುತ್ತದೆ. ಆ ಯೋಚನೆ ಜಯಪಾಲನಿಗೆ ಬಂದದ್ದು ನಿಜ. ಆದರೆ ತನ್ನ ಅಂಗಳದಲ್ಲಿ ನುಸಿ ಬೆಳೆಸಿ, ಪಡೀಲಿಗೆ ಬಂದು ಬಕೆಟ್ ಕವುಚಿ ಹಾಕಿ ಎನ್ನುವ ನಾಲಗೆ ಅವನದಲ್ಲ. ಮೊಟ್ಟೆ ಒಡೆದು ಹುಳು ಬೆಳೆಯಲು ಹೊತ್ತೂ ಬೇಕು, ಹೆಣ್ಣು ಮೀನಿನ ಬಳಿ ಅಷ್ಟು ಹೊತ್ತು ಇರಲಿಲ್ಲ. ಕೆಲಸದಲ್ಲಿ ಸಿಕ್ಕಿದ್ದನ್ನು ಹೇಗೂ ಚೆಲ್ಲುತ್ತೇವಲ್ಲ, ಅದನ್ನೇ ಒಯ್ದರಾಯಿತು ಎಂದುಕೊಂಡ.

ಅಂದು ಅವನು ಪ್ರತಿ ಅಂಗಳಕ್ಕೂ ಆಸೆಯಿಂದ ಕಾಲಿಟ್ಟ. ಹೂಕುಂಡದ ಕೆಳಗಿನ ತಟ್ಟೆಗಳು ಒಣಗಿದ್ದವು. ಡ್ರಮ್ಮುಗಳಿಗೆ ಬಟ್ಟೆ ಕಟ್ಟಿತ್ತು. ಟ್ಯಾಂಕುಗಳಿಗೆ ಮುಚ್ಚಳವಿತ್ತು, ಮುಚ್ಚಳದ ಮೇಲೆ ಕಲ್ಲೂ ಇತ್ತು. ಇಷ್ಟು ವರ್ಷ ಅವನು ಹೇಳಿದ್ದನ್ನೆಲ್ಲ ಜನ ಕೇಳಿಸಿಕೊಂಡೇ ಇದ್ದರು ಎಂದು ಅವನಿಗೆ ಖಾತ್ರಿಯಾದದ್ದು ಅವತ್ತೇ.

"ಸೊನ್ನೆ," ಎಂದ, ನಾಲ್ಕನೆಯ ಮನೆಯಲ್ಲಿ.

ಜೊತೆಗಿದ್ದ ನಿರೀಕ್ಷಾ, ಹೋದ ವರ್ಷ ಕೆಲಸಕ್ಕೆ ಸೇರಿದವಳು, ಮೊಬೈಲಿನಲ್ಲಿ ಅಂಕಿ ಒತ್ತಿ ತಲೆಯೆತ್ತಿದಳು. "ಎಂತ ಜಯಪಾಲಣ್ಣ, ಯಾರೋ ತೀರಿಹೋದ ಹಾಗೆ ಹೇಳ್ತೀರಿ?"

ಮುಂದಿನ ಮನೆಯ ಹಿತ್ತಿಲಲ್ಲಿ ಒಂದು ಪೀಪಾಯಿ ತೆರೆದೇ ಇತ್ತು. ಜಯಪಾಲ ಮುಟ್ಟುವ ಮೊದಲೇ ನಿರೀಕ್ಷಾ ಅದರ ಮೇಲೆ ಬಾಗಿದಳು.

"ನೆರಳು! ನೆರಳು!" ಅವನು ಅವಳ ತೋಳು ಹಿಡಿದು ಹಿಂದಕ್ಕೆ ಸರಿಸಿದ. "ಎಷ್ಟು ಸಲ ಹೇಳುವುದು ನಿನಗೆ? ಬೆಳಕು ಮುಖಕ್ಕೆ ಬೀಳುವ ಹಾಗೆ ನಿಲ್ಲು. ನಿನ್ನ ನೆರಳು ನೀರಿಗೆ ಬಿದ್ದ ಕೂಡಲೇ ಮರಿಹುಳು ಎಲ್ಲ ತಳಕ್ಕೆ ಇಳೀತವೆ. ಆಮೇಲೆ ಸೌಟು ಹಾಕಿದರೆ ಸುಳ್ಳು ಸೊನ್ನೆ ಬರ್ತದೆ."

ಇಳಿದದ್ದಿದ್ದರೆ ಮತ್ತೆ ಮೇಲೇರಲಿ ಎಂದು ಇಬ್ಬರೂ ಕಾದರು. ಸೌಟು ಇಳಿಯಿತು, ಎದ್ದಿತು. ಅದು ನಿಜವಾದ ಸೊನ್ನೆಯೇ ಆಗಿತ್ತು.

ಕೊನೆಗೆ ಉಳಿದದ್ದು ಆಸ್ಯಮ್ಮನ ಮನೆ. ಆಸ್ಯಮ್ಮ ಅರವತ್ತು ದಾಟಿದ ಬ್ಯಾರಿ ಹೆಂಗಸು, ಗಂಡ ಮೊಯ್ದೀನಬ್ಬ ಬಂದರಿನ ಕಡೆ ಸಾಂಬಾರ ಸಾಮಾನಿನ ಅಂಗಡಿ ಇಟ್ಟವರು. ಅವಳ ಹಳೆಯ ಫ್ರಿಜ್ಜಿನ ಹಿಂದೆ, ನೀರು ತೊಟ್ಟಿಕ್ಕಿ ತುಂಬುವ ತಟ್ಟೆಯಲ್ಲಿ, ಜಯಪಾಲನಿಗೆ ಯಾವಾಗಲೂ ಏನಾದರೂ ಸಿಗುತ್ತಿತ್ತು. ಅದಕ್ಕಾಗಿ ಇಬ್ಬರಿಗೂ ಎಷ್ಟೋ ಸಲ ಮಾತಿಗೆ ಮಾತಾಗಿತ್ತು. ಇಂದು ಅವನು ಒಳಗೆ ಬಂದವನೇ ನೇರವಾಗಿ ಫ್ರಿಜ್ಜಿನ ಕಡೆ ನಡೆದ.

"ನೋಡಿ, ಚೆನ್ನಾಗಿ ನೋಡಿ!" ಆಸ್ಯಮ್ಮ ಸೆರಗು ಸರಿಮಾಡಿಕೊಂಡು ಹಿಂದೆ ಬಂದಳು. "ತಟ್ಟೆ ತೊಳೆದು, ಒರೆಸಿ, ಬಿಸಿಲಿಗೆ ಇಟ್ಟು ತಂದಿದ್ದೇನೆ. ಇವತ್ತು ನನ್ನ ಮನೆಯಲ್ಲಿ ನಿಮ್ಮ ಬಾಯಿಂದ ಸೊನ್ನೆ ಕೇಳಬೇಕು ನನಗೆ."

ಜಯಪಾಲ ಟಾರ್ಚು ಹಾಕಿ ನೋಡಿದ. ತಟ್ಟೆ ಅನ್ನ ಬಡಿಸಿ ತಿನ್ನಬಹುದಾದಷ್ಟು ಚೊಕ್ಕವಾಗಿತ್ತು. ಅವನು ಗೋಡೆಗೊರಗಿ ನಿಂತುಬಿಟ್ಟ.

"ಎಂತ ಮಾರಾಯ್ರೆ, ಮುಖ ಯಾಕೆ ಸಪ್ಪೆ? ಬೈಯಲಿಕ್ಕೆ ಏನೂ ಸಿಗ್ಲಿಲ್ಲ ಅಂತಲಾ?"

"ಅಲ್ಲ ಆಸ್ಯಮ್ಮ. ನನಗೆ ನುಸಿಯ ಮರಿ ಬೇಕಿತ್ತು."

"ಎಂತ ಬೇಕಿತ್ತು?"

ಅವನು ಮೀನಿನ ಕತೆ ಹೇಳಿದ. ಉಗುಳುವುದನ್ನು ಹೇಳಿದ, ಹೊಟ್ಟೆಯನ್ನು ಹೇಳಿದ. ಆಸ್ಯಮ್ಮ ಮೊದಲು ಬಾಯಿಗೆ ಸೆರಗು ಹಿಡಿದಳು, ಆಮೇಲೆ ಕುರ್ಚಿ ಹುಡುಕಿ ಕೂತು ನಕ್ಕಳು.

"ಯಾ ಅಲ್ಲಾ! ಇಷ್ಟು ವರ್ಷ ಚೆಲ್ಲಿ ಚೆಲ್ಲಿ ಅಂತ ನನ್ನ ಜೀವ ತಿಂದವರು, ಈಗ ಭಿಕ್ಷೆಗೆ ಬಂದಿದ್ದಾರೆ. ಮೊದಲೇ ಒಂದು ಫೋನ್ ಮಾಡಿದ್ದರೆ ಎರಡು ದಿನ ತೊಳೆಯದೆ ಇಡ್ತಿದ್ದೆ."

"ಹಾಗೆ ಇಡಬಾರದು," ಜಯಪಾಲ ತಟ್ಟನೆ ಹೇಳಿದ.

"ಗೊತ್ತುಂಟು, ಗೊತ್ತುಂಟು." ಅವಳು ಕಣ್ಣೊರೆಸಿಕೊಂಡಳು. "ತಿನ್ನದ ಹೊಟ್ಟೆ ಅಂದ್ರಲ್ಲ, ಅದು ಪಾಪ. ಇಲ್ಲಿ ಕೇಳಿ. ಆಚೆ ಬಾಗಿಲು ಮುಚ್ಚಿದ ಪಂಕ್ಚರ್ ಅಂಗಡಿ ಉಂಟಲ್ಲ, ಅದರ ಹಿಂದೆ ಟಯರ್ ರಾಶಿ ಉಂಟು. ನಿನ್ನೆ ಕಸ ಹಾಕಲು ಹೋದಾಗ ಕಾಲಿಗೆಲ್ಲ ಕಚ್ಚಿತು. ನಿಮಗೆ ಹೇಳಬೇಕು ಅಂತಲೇ ಇದ್ದೆ, ಸಿಟ್ಟಿನಲ್ಲಿ."

ಜಯಪಾಲ ಅವಳಲ್ಲಿ ಒಂದು ಚಹಾ ಸೋಸುವ ಜಾಲರಿ ಕೇಳಿದ. ಅವಳು ಕೊಟ್ಟಳು. "ವಾಪಸ್ ತರಬೇಡಿ ಮತ್ತೆ," ಎಂದಳು.

ಟಯರುಗಳ ಹೊಟ್ಟೆಯಲ್ಲಿ ಹಳೆಯ ಮಳೆನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅವನು ಬೆಳಕಿಗೆ ಮುಖ ಮಾಡಿ ನಿಂತು ಸೌಟು ಇಳಿಸಿದ. ಬಿಳಿಯ ಮೇಲೆ ಕಪ್ಪು ದಾರಗಳು ಕುಣಿದವು. ಎಣಿಸುವ ಕೆಲಸವನ್ನು ಅವನು ನಿರೀಕ್ಷಾಳಿಗೆ ಬಿಟ್ಟ, ಅವಳೂ ಎಣಿಸಿ ದಾಖಲಿಸಿದಳು. ಬೇಕಾದಷ್ಟನ್ನು ಅವನು ಜಾಲರಿಯಲ್ಲಿ ಸೋಸಿ, ಒಳ್ಳೆಯ ನೀರಿನಲ್ಲಿ ಮೂರು ಸಲ ತೊಳೆದ. ಬಾಲ ಮಡಚಿ ಅಲ್ಪವಿರಾಮದಂತೆ ಕಾಣುವ ಕೋಶಾವಸ್ಥೆಯ ಹುಳುಗಳನ್ನು ಒಂದೊಂದಾಗಿ ಆರಿಸಿ ಒಣ ಕಾಂಕ್ರೀಟಿನ ಮೇಲೆ ಎಸೆದ. ಅವು ಇನ್ನೇನು ರೆಕ್ಕೆ ಕಟ್ಟಿಕೊಂಡು ಏಳುವಂಥವು, ಮನೆಯೊಳಗೆ ಒಯ್ಯುವಂತಿಲ್ಲ. ಉಳಿದ ನೀರನ್ನೆಲ್ಲ ಇಬ್ಬರೂ ಸೇರಿ ಬಿಸಿಲಿಗೆ ಕಾದ ನೆಲಕ್ಕೆ ಚೆಲ್ಲಿ, ಟಯರುಗಳನ್ನು ಅಂಗಡಿಯ ಮಾಡಿನ ಕೆಳಗೆ ಉರುಳಿಸಿದರು.

ಸಂಜೆ ಅವನು ಉಪ್ಪಿನಕಾಯಿ ಬಾಟಲಿ ಹಿಡಿದು ಮನೆಗೆ ಬಂದಾಗ ಗುಣವತಿ ಬಾಗಿಲಲ್ಲೇ ತಡೆದಳು.

"ನುಸಿ ತುಂಬಿಸಿ ತಂದಿದ್ದೀರಾ? ಮನೆಯೊಳಗೆ? ನೀವು?"

"ಮುಚ್ಚಳ ಬಿಗಿ ಉಂಟು. ಉಳಿದದ್ದನ್ನು ಬಿಸಿನೀರು ಹಾಕಿಯೇ ಚೆಲ್ತೇನೆ."

"ಒಂದು ಹಾರಿದರೂ ಇವತ್ತು ಊಟ ಆ ಗೆರಟೆಯಲ್ಲೇ ನಿಮಗೆ."

ಅವನು ಒಂದು ಚಮಚದಷ್ಟು ಹುಳುಗಳನ್ನು ತೊಟ್ಟಿಗೆ ಬಿಟ್ಟ. ಅವು ಮೇಲ್ಮೈಯಲ್ಲಿ ತಲೆಕೆಳಗಾಗಿ ತೂಗುತ್ತ ನಿಂತವು. ಬಾಲದ ತುದಿಯ ಕೊಳವೆಯನ್ನು ಗಾಳಿಗೆ ಚಾಚಿ ಉಸಿರಾಡುವ ಜಾತಿ ಅದು. ಗಂಡು ಮೇಲಕ್ಕೆ ನುಗ್ಗಿ ಹಬ್ಬ ಮಾಡಿತು. ಹೆಣ್ಣು ಗೆರಟೆಯಿಂದ ಹೊರಗೆ ಬಂತು. ಒಂದು ಕಣ್ಣನ್ನು ಮೇಲಕ್ಕೆ ತಿರುಗಿಸಿ ನೋಡಿತು. ನೋಡಿತು ಅಷ್ಟೇ, ಮತ್ತೆ ಒಳಗೆ ಹೋಯಿತು. ತಳದಲ್ಲಿ ಬದುಕುವ ಮೀನು, ಬಂದು ಒಂದು ವಾರವೂ ಆಗಿಲ್ಲ. ಅದು ಹಸಿವಿಗಾಗಿಯೂ ಅಷ್ಟು ಎತ್ತರಕ್ಕೆ ಏರಲಾರದು. ಊಟ ಮೇಲೆ, ಹಸಿದವಳು ಕೆಳಗೆ, ನಡುವೆ ಒಂದು ಮೊಳ ನೀರು. ಜಯಪಾಲ ಎರಡನೆಯ ಚಮಚ ಬಿಟ್ಟ. ಅದೂ ಗಂಡಿನ ಪಾಲಾಗತೊಡಗಿತು.

"ಎಲ್ಲಿ, ನಾನೂ ನೋಡ್ತೇನೆ," ಎಂದು ಗುಣವತಿ ಕೈ ಒರೆಸಿಕೊಂಡು ಬಂದು, ಟ್ಯೂಬ್‌ಲೈಟಿಗೂ ತೊಟ್ಟಿಗೂ ನಡುವೆ ಬಾಗಿದಳು.

"ನೆರಳು! ನೆರ..." ಜಯಪಾಲನ ಬಾಯಿ ಅಭ್ಯಾಸಬಲದಿಂದ ತೆರೆಯಿತು, ಅರ್ಧಕ್ಕೆ ನಿಂತಿತು.

ಮೇಲ್ಮೈಯಲ್ಲಿದ್ದ ಹುಳುಗಳೆಲ್ಲ ಒಮ್ಮೆಲೇ ಮೈ ಕುಲುಕುತ್ತ ತಳಕ್ಕೆ ಇಳಿಯುತ್ತಿದ್ದವು. ಗಂಡು ನೆರಳಿಗೆ ಬೆದರಿ ಹಿಂಬದಿಯ ಗಿಡಗಳೊಳಗೆ ಅಡಗಿತ್ತು. ಗೆರಟೆಯ ಕತ್ತಲೆಯಲ್ಲಿದ್ದ ಹೆಣ್ಣಿಗೆ ನೆರಳಿನ ಸುದ್ದಿಯೇ ಇರಲಿಲ್ಲ. ಅದರ ಬಾಗಿಲ ಮುಂದೆ ಒಂದು ಹುಳು ಕುಣಿಯುತ್ತ ಬಂದು ಇಳಿಯಿತು. ಹೆಣ್ಣು ಬಾಣದಂತೆ ಹೊರಗೆ ಬಂತು. ದವಡೆ ಎರಡು ಸಲ ಆಡಿತು. ಅದು ಉಗುಳುವುದನ್ನು ಜಯಪಾಲ ಕಾದ. ಅದು ಉಗುಳಲಿಲ್ಲ.

"ಅಡ್ಡ ನಿಂತೆನಾ? ಸರಿಯಬೇಕಾ?" ಗುಣವತಿ ಪಿಸುಗುಟ್ಟಿದಳು.

"ಬೇಡ ಮಾರಾಯ್ತಿ. ಅಲ್ಲೇ ನಿಲ್ಲು. ಅಲುಗಾಡಬೇಡ."

ಮೂವತ್ತು ವರ್ಷ ನೀರಿನ ಮೇಲೆ ನೆರಳು ಬೀಳದಂತೆ ನಿಂತವನು ಈಗ ಹೆಂಡತಿಗೆ ನೆರಳು ಹಾಕುವುದನ್ನು ಕಲಿಸಿದ. ಹುಳುಗಳು ಉಸಿರಿಗಾಗಿ ಮೇಲೇರಿದಾಗ ಅವಳು ಅಂಗೈ ಬಿಡಿಸಿ ಬೆಳಕಿಗೆ ಅಡ್ಡ ಹಿಡಿಯುವಳು, ಅವು ಇಳಿಯುವವು, ಹೆಣ್ಣು ಹೊರಗೆ ಬರುವುದು. ಒಲೆಯ ಮೇಲೆ ಬಂಗುಡೆ ಮೀನಿನ ಸಾರು ಕುದಿಯುತ್ತಿತ್ತು. ಇಬ್ಬರಿಗೂ ಅದರ ನೆನಪಿರಲಿಲ್ಲ. ಹೆಣ್ಣು ಮೀನಿನ ಹೊಟ್ಟೆ ಕಣ್ಣೆದುರೇ ಅಕ್ಕಿಕಾಳಿನಷ್ಟು ಉಬ್ಬಿತು. ಕೊನೆಗೆ ಬಾಯಿಯ ಬಳಿಗೇ ಬಂದ ಹುಳುವನ್ನು ಬಿಟ್ಟು, ಗೆರಟೆಯ ಬಾಯಲ್ಲಿ ಅಡ್ಡ ತಿರುಗಿ ನಿಂತಿತು.

"ಸಾಕಂತೆ ಅದಕ್ಕೆ," ಗುಣವತಿ ಕೈ ಇಳಿಸಿದಳು. ತೋಳು ನೋಯುತ್ತಿತ್ತು, ಮುಖ ಮಾತ್ರ ಹೊಳೆಯುತ್ತಿತ್ತು. "ಎಷ್ಟು ತಿಂದಿತು? ಎಣಿಸಿದಿರಾ?"

ಅವನು ಎಣಿಸದೆ ಇರುವವನಲ್ಲ. ಕಿಟಕಿ ತೆರೆದಿತ್ತು. ಆ ಸಂಜೆ ಶಕ್ತಿನಗರದ ಆ ಓಣಿಯಲ್ಲಿ ಎರಡು ಮನೆಯವರು ಚಹಾ ಅರ್ಧಕ್ಕೆ ಬಿಟ್ಟು ತಾರಸಿ ಹತ್ತಿ ತಮ್ಮ ಟ್ಯಾಂಕಿನ ಮುಚ್ಚಳ ನೋಡಿಬಂದರು, ಏಕೆಂದರೆ ಸೊನ್ನೆ ಜಯಪಾಲನ ಮನೆಯಿಂದ, ಅವರಿಗೆಲ್ಲ ಪರಿಚಯವಿದ್ದ ಅದೇ ಗಟ್ಟಿ ದನಿಯಲ್ಲಿ, ಅವರು ಎಂದೂ ಕೇಳಿರದ ಒಂದು ಅಂಕಿ ಕೇಳಿಬಂತು:

"ಒಂಬತ್ತು!"