ಎರಡು ಕಂಪನಿಯ ಎರಡು ಬೂಟು

ನನ್ನ ಎರಡು ಪಾದಗಳು ಒಂದೇ ಅಳತೆಯವಲ್ಲ. ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು, ಬಲಗಾಲು ತನ್ನ ಪಾಡಿಗೆ ತಾನು ಬೆಳೆಯಿತು. ವಿಜಯನಗರದ ಯಾವ ಚಪ್ಪಲಿ ಅಂಗಡಿಗೆ ಹೋದರೂ "ಹುಷಾರು ಮೇಡಂ, ಕೂತ್ಕೊಳ್ಳಿ" ಎಂದು ಯಾರಾದರೂ ಸ್ಟೂಲು ಹಿಡಿದು ಓಡಿಬರುತ್ತಿದ್ದರು. ಆ ಉಪಚಾರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆಫೀಸಿನವರು ಗುಂಪು ಕಟ್ಟಿಕೊಂಡು, ಒಂದೊಂದು ಕಾಲಿಗೆ ಒಂದೊಂದು ಉದ್ದ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಯಲು ಹಿಮಾಚಲಕ್ಕೆ ಹೊರಟರು. ನನ್ನನ್ನು ಯಾರೂ ಕೇಳಲಿಲ್ಲ, ನಾನೇ ಹೋಗಿ ಹೆಸರು ಕೊಟ್ಟೆ. ಯಾರ ಕೈಯನ್ನೂ ಹಿಡಿಯದೆ ಒಂದು ಇಳಿಜಾರು ಇಳಿಯಬೇಕು ಎನ್ನುವುದೊಂದೇ ನನ್ನ ಆಸೆ. ಹಿಮ ಬೆಳ್ಳಗಿದ್ದರೇನು, ಕಪ್ಪಗಿದ್ದರೇನು.

ಗುಂಪನ್ನು ಕರೆದೊಯ್ಯುವವರು ಚಂದ್ರಾ ಲೇಔಟ್‌ನ ಒಂದು ಮಹಡಿಯಲ್ಲಿ ಟೆಂಟು, ಹಗ್ಗ, ಸ್ಕೀ ಎಲ್ಲ ಬಾಡಿಗೆಗೆ ಕೊಡುತ್ತಿದ್ದರು. ನಲವತ್ತರ ಆಸುಪಾಸಿನ ಸಮಾಧಾನದ ಮನುಷ್ಯ. ಸಾಮಾನೆಲ್ಲ ಸೆಕೆಂಡ್ ಹ್ಯಾಂಡ್, ಒಂದೊಂದು ಒಂದೊಂದು ಕಂಪನಿಯದು. ನನ್ನ ಕಾಲು ನೋಡಿ ಅವರು ಅಯ್ಯೋ ಅನ್ನಲಿಲ್ಲ. ಮೊದಲು ಸ್ನೋಬೋರ್ಡಿನ ಬೂಟು ತಂದರು. ಅದರಲ್ಲಿ ಎರಡು ಕಾಲನ್ನೂ ಒಂದೇ ಹಲಗೆಗೆ ಪಟ್ಟಿಯಿಂದ ಕಟ್ಟುವುದರಿಂದ ಯಾವ ಕಂಪನಿಯ ಬೂಟಾದರೂ ನಡೆಯುತ್ತದಂತೆ. ಆದರೆ ಆ ಬೂಟು ಮೆತ್ತಗಿತ್ತು. ಎದ್ದು ನಿಂತ ಕೂಡಲೇ ಕಣಕಾಲು ಮಡಚಿಕೊಂಡಿತು. ಆಮೇಲೆ ಸ್ಕೀ ಬೂಟುಗಳ ರಾಶಿಯಲ್ಲಿ ತಡಕಾಡಿ, ಬಲಗಾಲಿಗೆ ಒಂದು ಕಂಪನಿಯ ದೊಡ್ಡವರ ಕಪ್ಪು ಬೂಟು, ಎಡಗಾಲಿಗೆ ಇನ್ನೊಂದು ಕಂಪನಿಯ ಮಕ್ಕಳ ಹಳದಿ ಬೂಟು ತೆಗೆದರು. ಹಳದಿಯದರೊಳಗೆ ಅಂಗಾಲಿನಡಿಗೆ ಫೆಲ್ಟಿನ, ಅಂದರೆ ಒತ್ತಿದ ಉಣ್ಣೆಯ, ಪದರಗಳನ್ನು ತುರುಕಿದರು.

"ಮನೇಲಿ ಹಾಕ್ಕೊಂಡು ಅಭ್ಯಾಸ ಮಾಡ್ಕೊಳ್ಳಿ. ಸ್ಕೀಗೆ ಹೊಂದುತ್ತಾ ಅಂತ ಶನಿವಾರ ನೋಡೋಣ" ಎಂದರು.

ಸ್ಕೀ ಬೂಟು ಮೀನಖಂಡದವರೆಗೂ ಬರುವ ಗಟ್ಟಿ ಪ್ಲಾಸ್ಟಿಕ್ಕು. ಕೊಂಡಿ ಬಿಗಿದರೆ ಕಣಕಾಲು ಅಲ್ಲಾಡುವುದಿಲ್ಲ. ಅದನ್ನು ತೊಟ್ಟವರೆಲ್ಲ ಬಾತುಕೋಳಿಯ ಹಾಗೆ ನಡೆಯುತ್ತಾರಂತೆ. ಸಂಜೆ ನಮ್ಮ ಮನೆಯ ಹಾಲ್‌ನಲ್ಲಿ ಅದನ್ನು ತೊಟ್ಟು ಗೋಡೆ ಹಿಡಿದು ಎದ್ದೆ. ಗೋಡೆ ಬಿಟ್ಟೆ. ಕಣಕಾಲು ವಾಲಲಿಲ್ಲ. ಫೆಲ್ಟಿನಿಂದಾಗಿ ಎರಡೂ ಕಾಲಿನ ಎತ್ತರ ಸಮನಾಗಿಬಿಟ್ಟಿತ್ತು. ಅಡುಗೆಮನೆ ಬಾಗಿಲವರೆಗೆ ನಡೆದೆ, ಎರಡು ಹೆಜ್ಜೆಗೂ ಒಂದೇ ಸದ್ದು. ಆ ಸದ್ದು ನನ್ನದು ಎಂದು ನಂಬಲಾಗಲಿಲ್ಲ.

ಚಪಾತಿ ಲಟ್ಟಿಸುತ್ತಿದ್ದ ಅಮ್ಮ ತಿರುಗಿ ನೋಡಿದಳು. "ಇನ್ನೊಂದ್ಸಲ ಬಾರೇ" ಎಂದಳು. ಹೋಗಿ ಬಂದೆ.

"ಜ್ವರ ಬರೋಕ್ ಮುಂಚೆ ಹಿಂಗೇ ನಡೀತಿದ್ದೆ ಕಣೇ" ಎಂದು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ನನಗೆ ಆ ನಡಿಗೆಯ ನೆನಪಿಲ್ಲ. ಇಷ್ಟು ವರ್ಷ ಅಮ್ಮ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಆವತ್ತಿನಿಂದ ದಿನಾ ಸಂಜೆ ನಾನು ನಡೆಯುವುದು, ಅವಳು ಒಲೆ ಸಣ್ಣಗೆ ಮಾಡಿ ಬಂದು ನೋಡುವುದು. ಹಿಮಾಚಲ ಬೇಡವೇ ಬೇಡ ಎಂದು ಪಟ್ಟು ಹಿಡಿದಿದ್ದವಳು ಬೀರುವಿನಲ್ಲಿ ಸ್ವೆಟರ್ ಹುಡುಕತೊಡಗಿದಳು.

ಶನಿವಾರ ಆ ಬೂಟುಗಳ ಜೊತೆ ಚಂದ್ರಾ ಲೇಔಟ್‌ಗೆ ಹೋದೆ. ಬೂಟನ್ನು ಸ್ಕೀಗೆ ಹಿಡಿದಿಡಲು ಒಂದು ಕ್ಲಿಪ್ಪು ಇರುತ್ತದೆ. ಬಿದ್ದಾಗ ಅದು ತಾನಾಗಿ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಲೇ ಮುರಿಯುತ್ತದೆ. ಅವರು ನನಗೆ ಬೂಟು ತೊಡಿಸಿ ಸ್ಕೀಯ ಮೇಲೆ ನಿಲ್ಲಿಸಿದರು. ಬಲಗಾಲಿನದು ಸರಿಯಾಗಿ ಕೂತಿತು, ತಿರುಚಿದರೆ ಬಿಟ್ಟಿತು. ಎಡಗಾಲಿನದು ಮಕ್ಕಳ ಬೂಟಾದ್ದರಿಂದ ಅದರ ಅಡಿ ತೆಳು. ದೊಡ್ಡವರ ಕ್ಲಿಪ್ಪಿನಲ್ಲಿ ಲೊಡಲೊಡ ಅಂದಿತು, ಬಿಗಿ ಮಾಡಿದರೆ ಬಿಡಲೇ ಇಲ್ಲ. ಬೇರೆ ಕಂಪನಿಯ ಕ್ಲಿಪ್ಪು ಹಾಕಿ ನೋಡಿದರು, ಅದೂ ಹಾಗೆಯೇ.

"ಮಕ್ಕಳ ಕ್ಲಿಪ್ಪನ್ನೇ ಹಾಕಿ" ಎಂದೆ.

"ಅದು ಮಕ್ಕಳ ತೂಕಕ್ಕೆ ಮಾಡಿರೋದು ಮೇಡಂ. ನಿಮ್ಮ ಭಾರಕ್ಕೆ ತಿರುವಿಗೊಂದ್ಸಲ ಬಿಟ್ಕೊಳ್ಳುತ್ತೆ. ನಿಮ್ಮನ್ನ ಕರ್ಕೊಂಡು ಹೋಗೋಕೆ ನನಗೆ ಧೈರ್ಯ ಇಲ್ಲ."

ಜಗಳವಾಡಲು ಅವರು ಒಂದು ನೆಪವನ್ನಾದರೂ ಕೊಡಬಾರದಿತ್ತೇ ಅನ್ನಿಸಿತು. ಹೇಳಿದ್ದೆಲ್ಲ ನಿಜವಾಗಿತ್ತು.

"ಹಾಗಾದ್ರೆ ಬೂಟನ್ನ ನನಗೇ ಕೊಟ್ಬಿಡಿ. ಮನೇಲಿ ಹಾಕ್ಕೋತೀನಿ."

ಅವರು ತಲೆ ತಗ್ಗಿಸಿದರು. "ಹಳದೀದು ನಿಮಗಾಗದಿದ್ರೆ ನಿಮ್ಮ ಆಫೀಸಿನೋರೊಬ್ಬರ ಮಗೂಗೆ ಕೊಡ್ತೀನಿ ಅಂತ ಹೇಳಿಬಿಟ್ಟಿದೀನಿ. ಆ ಅಳತೇದು ನನ್ನ ಹತ್ರ ಬೇರೆ ಇಲ್ಲ ಮೇಡಂ."

ಕೊಂಡಿಗಳನ್ನು ನಾನೇ ಬಿಚ್ಚಿದೆ. ಪಾದ ಮಾತ್ರ ಹೊರಗೆ ಬರಲಿಲ್ಲ, ಎಳೆದುಕೊಳ್ಳುವಷ್ಟು ಬಲ ಆ ಕಾಲಿನಲ್ಲಿರಲಿಲ್ಲ. ಮನೆಯಲ್ಲಾದರೆ ಅಮ್ಮ ಎಳೆಯುತ್ತಿದ್ದಳು. ಒಂದಷ್ಟು ಹೊತ್ತು ಒದ್ದಾಡಿ ಸುಮ್ಮನೆ ಕೂತೆ. ಅವರೇ ನೆಲದ ಮೇಲೆ ಕೂತು ಹಿಮ್ಮಡಿ ಹಿಡಿದು ಎಳೆದರು. ನನ್ನ ಚಪ್ಪಲಿ ಹಾಕಿಕೊಂಡು, ಕಂಬಿ ಹಿಡಿದು ಮೆಟ್ಟಿಲಿಳಿದು ಆಟೋ ಹತ್ತಿದೆ.

ಮನೆ ಬಾಗಿಲಲ್ಲಿ ಯಾರದೋ ಚಪ್ಪಲಿಗಳಿದ್ದವು. ಕೆಂಗೇರಿಯಿಂದ ದೊಡ್ಡಮ್ಮ ಬಂದಿದ್ದರು, ಪಕ್ಕದ ಮನೆ ಆಂಟಿಯೂ ಕೂತಿದ್ದರು. ಅಮ್ಮ ಟೀಪಾಯಿಯನ್ನು ಗೋಡೆಗೆ ಒತ್ತರಿಸಿ ಹಾಲ್‌ನ ನಡುವೆ ಜಾಗ ಮಾಡಿದ್ದಳು.

"ಬಂದ್ಲು ನೋಡಕ್ಕ. ಹಾಕ್ಕೊಳ್ಳೇ, ಒಂದ್ಸಲ ನಡೆದು ತೋರ್ಸು."

"ವಾಪಸ್ ಕೊಟ್ಬಿಟ್ಟೆ ಅಮ್ಮ. ನಾನು ಹೋಗ್ತಾ ಇಲ್ಲ" ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತೆ.

ಅಮ್ಮ ನನ್ನ ಖಾಲಿ ಕೈಗಳನ್ನು ನೋಡಿದಳು. "ಹೋಗ್ಲಿ ಬಿಡು, ಆ ಚಳೀಲಿ ಯಾಕ್ ಬೇಕಿತ್ತು" ಎಂದು ದೊಡ್ಡಮ್ಮ ಮಾತು ತೇಲಿಸಿದರು. ಅಮ್ಮ ಬಿಡಲಿಲ್ಲ.

"ಇಲ್ಲಕ್ಕ, ನಿಜವಾಗ್ಲೂ ನೆಟ್ಟಗೆ ನಡೆದ್ಲು. ನಾನೇ ನೋಡಿದೀನಿ."

ಇಬ್ಬರೂ ಹೂಂ ಹೂಂ ಎಂದರು, ಹಟ ಮಾಡುವ ಮಗುವಿಗೆ ಅನ್ನುವ ಹಾಗೆ. "ಹೌದು ದೊಡ್ಡಮ್ಮ, ನಡೆದೆ" ಎಂದೆ. ಬಾಯಾರಿತ್ತು, ಅಡುಗೆಮನೆ ಎದುರಿಗೇ ಇತ್ತು. ಅವರಿಬ್ಬರೂ ಕಾಫಿ ಕುಡಿದು, ಕುಂಕುಮ ತೆಗೆದುಕೊಂಡು ಹೊರಡುವವರೆಗೂ ನಾನು ಆ ಕುರ್ಚಿಯಿಂದ ಏಳಲಿಲ್ಲ.