ಹಳೆ ಫಾರಂಗಳ ಫೋಲ್ಡರ್

ದೆಹಲಿಯ ಕರೋಲ್ ಬಾಗ್‌ನ ನಮ್ಮ ಕನ್ನಡ ಓದುಕೋಣೆಗೆ ಹೊಸಬರು ಯಾರೇ ಬಂದರೂ ಅವರಿಗೊಂದು ಕತೆ ಹೇಳುತ್ತಾರೆ: ನೋಯ್ಡಾದಿಂದ ಒಬ್ಬ ಹುಡುಗಿ ಬಂದಳು, ಒಂದೇ ಮಧ್ಯಾಹ್ನದಲ್ಲಿ ಮೂರೂ ಕಂಪ್ಯೂಟರ್‌ಗಳನ್ನು ಭದ್ರ ಮಾಡಿದಳು, ಅಲ್ಲಿಂದ ಇಲ್ಲಿಯವರೆಗೆ ಯಾರಿಗೂ ಏನೂ ನಷ್ಟವಾಗಿಲ್ಲ. ಆ ಹುಡುಗಿ ನಾನೇ. ಮೊದಲ ಎರಡು ಮಾತಿಗೆ ನನ್ನ ತಕರಾರಿಲ್ಲ. ಮೂರನೆಯದು ಸುಳ್ಳು. ಅವತ್ತು ಒಬ್ಬರ ನಾಲ್ಕು ವರ್ಷದ ಕನಸುಗಳು ಅಳಿಸಿಹೋದವು. ನಿದ್ದೆಯಲ್ಲಿ ಬಿದ್ದು, ಬೆಳಿಗ್ಗೆಯವರೆಗೆ ನೆನಪಿನಲ್ಲಿ ಉಳಿದು, ಅಲ್ಲಿಗೆ ಬಂದು ಟೈಪ್ ಮಾಡಿಟ್ಟ ಕನಸುಗಳು.

ಓದುಕೋಣೆ ಇರುವುದು ಗುಂಡಿ, ಲೇಸು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಚಳಿಗಾಲದ ಭಾನುವಾರಗಳಲ್ಲಿ ಅಲ್ಲಿಯ ಕಿಟಕಿಗೆ ಬರುವ ಬಿಸಿಲು ಅರಿಸಿನ ಬೆರೆಸಿದ ಹಾಲಿನ ಬಣ್ಣದ್ದು. ಬೀದಿಯ ಗಲಾಟೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ದೂರದ ನೀರಿನ ಸದ್ದಿನಂತಾಗಿರುತ್ತದೆ. ಹತ್ತು ನಿಮಿಷ ಕೂತರೆ ಎಚ್ಚರ ಎಲ್ಲಿ ಮುಗಿಯಿತು, ಜೋಂಪು ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ.

ಬರುವವರು ಹೆಚ್ಚಾಗಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು. ಅಲ್ಲೊಂದು ಪದ್ಧತಿ ಇತ್ತಂತೆ: ರಜೆಯಲ್ಲಿರುವವರ ಫೈಲನ್ನು ಪಕ್ಕದ ಮೇಜಿನವರು ನೋಡಿಕೊಳ್ಳಬೇಕು. ಅದನ್ನವರು ಕಂಪ್ಯೂಟರಿಗೂ ತಂದಿದ್ದರು. ಯಾರೂ ಲಾಗ್‌ಔಟ್ ಮಾಡುತ್ತಿರಲಿಲ್ಲ. ಮಾಡಿದರೆ ಮುಂದಿನವರನ್ನು ಅನುಮಾನಿಸಿದಂತೆ. ಪಾಸ್‌ವರ್ಡಿನ ಚೀಟಿ ಮಾನಿಟರಿನ ಹಣೆಗೇ ಅಂಟಿತ್ತು. ಒಬ್ಬರ ಪಿಂಚಣಿ ಪುಟ, ಇನ್ನೊಬ್ಬರ ಆಧಾರ್ ಪ್ರತಿ, ಮತ್ತೊಬ್ಬರ ಮೇಲ್, ಎಲ್ಲವೂ ತೆರೆದೇ ಇರುತ್ತಿದ್ದವು. ಒಂದು ಭಾನುವಾರ ನನ್ನೆದುರೇ ಒಬ್ಬ ಅಂಕಲ್ ಇನ್ನೊಬ್ಬರಿಗೆ ಹೇಳಿದರು:

“ನಿಮಗೆ ಬೀಗರಾಗೋರ ಮೇಲ್ ಬಂದಿತ್ತು ರೀ. ನೀವಿರಲಿಲ್ಲ. ನಾನೇ ಉತ್ತರ ಹಾಕಿದೆ.”

“ಏನಂತ?”

“ಮಾರ್ಚಲ್ಲಿ ಮದುವೆ ಮಾಡೋಕೆ ನಮ್ಮದೇನೂ ಅಡ್ಡಿ ಇಲ್ಲ ಅಂತ.”

“ಅಯ್ಯೋ ಸ್ವಾಮಿ, ಜಾತಕಾನೇ ಇನ್ನೂ ನೋಡಿಲ್ಲ!”

ಕೋಣೆಯೆಲ್ಲ ನಕ್ಕಿತು. ನಾನು ನಗಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳಿಗೆ ವಿಷಯ ಸಿಕ್ಕಿತ್ತು.

ಮುಂದಿನ ವಾರದ ಸಭೆಯಲ್ಲಿ ನಾನು ಮಂಡಿಸಿದ್ದು ಇಷ್ಟೇ. ಪಾಸ್‌ವರ್ಡ್ ನೆನಪಿಡುವ ಕಷ್ಟ ಯಾರಿಗೂ ಬೇಡ. ಪರದೆಯ ಮೇಲೆ ಐದು ದೊಡ್ಡ ಚಿತ್ರಗಳು, ಕೀಲಿಗಳ ಮೇಲೆ ಕನ್ನಡ ಅಕ್ಷರದ ಅಂಟುಚೀಟಿ, ಮೂಲೆಯಲ್ಲಿ ‘ಮುಗಿಯಿತು’ ಎಂಬ ಒಂದು ಗುಂಡಿ. ಒತ್ತಿದರೆ ಎಲ್ಲ ಖಾಲಿ. ಹಿಂದೆ ಕೂತವರ ಗುರುತು ಮುಂದಿನವರಿಗೆ ಸಿಗದು. ಒತ್ತಲು ಮರೆತರೂ ಸ್ವಲ್ಪ ಹೊತ್ತಿನಲ್ಲಿ ತಾನೇ ಖಾಲಿಯಾಗುತ್ತದೆ.

“ಅಂದರೆ ನಮ್ಮಲ್ಲಿ ಕಳ್ಳರಿದ್ದಾರೆ ಅಂತಲೇನಮ್ಮ?” ಎಂದರು ಮದುವೆ ಒಪ್ಪಿದ್ದ ಅಂಕಲ್.

“ಬೀಗ ಹಾಕೋದು ಕಳ್ಳರಿದ್ದಾರೆ ಅಂತಲ್ಲ ಅಂಕಲ್, ಬಾಗಿಲಿದೆ ಅಂತ.”

ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಆಂಟಿಯೊಬ್ಬರು ಕೈಯೆತ್ತಿದರು. ಒಂದು ಸಚಿವಾಲಯದಲ್ಲಿ ಸ್ಟೆನೋ ಆಗಿದ್ದವರು. ಸಭೆಗಳಲ್ಲಿ ಅವರು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

“ಈಗಾಗಲೇ ಅದರೊಳಗೆ ಇಟ್ಟಿರೋದು?”

“ಎಲ್ಲರ ಕಂಪ್ಯೂಟರಲ್ಲಿ ತನ್ನದು ಅಂತ ಏನನ್ನೂ ಇಡಬಾರದು ಆಂಟಿ. ಇಟ್ಟಿದ್ದರೆ ಅದು ಇಟ್ಟವರ ತಪ್ಪು.”

“ಅಚ್ಛಾ,” ಎಂದು ಕೈ ಇಳಿಸಿದರು. ಮತ್ತೆ ಚಪ್ಪಾಳೆ.

ಆ ಮಧ್ಯಾಹ್ನವೇ ಕೆಲಸಕ್ಕೆ ಕೂತೆ. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ‘ಹಳೆ ಫಾರಂಗಳು’ ಎಂಬ ಫೋಲ್ಡರ್ ಇತ್ತು. ಬೇರೆಯವರದನ್ನು ತೆರೆಯಬಾರದು ಎಂಬುದು ನನ್ನದೇ ವಾದ. ತೆರೆಯಲಿಲ್ಲ. ತೆರೆಯದೆಯೇ ಅಳಿಸಿದೆ.

ಮರುವಾರ ಆಂಟಿ ಆ ಪರದೆಯ ಮುಂದೆ ಕೂತು ನನ್ನನ್ನು ಕರೆದರು.

“ಇದರಲ್ಲಿ ಹಳೆ ಫಾರಂ ಅಂತ ಒಂದಿತ್ತಲ್ಲ ಪುಟ್ಟಿ?”

“ಹಳೇದ್ಯಾಕೆ ಆಂಟಿ? ಯಾವ ಫಾರಂ ಹೇಳಿ, ಹೊಸದೇ ತೆಗೆದುಕೊಡ್ತೀನಿ.”

“ಅದು ಹೊಸದು ಸಿಗಲ್ಲ ಕಣೇ.” ಪಕ್ಕದ ಕುರ್ಚಿ ಖಾಲಿಯಿರುವುದನ್ನು ನೋಡಿಕೊಂಡು ದನಿ ತಗ್ಗಿಸಿದರು. “ಅದರಲ್ಲಿದ್ದದ್ದು ನನ್ನ ಕನಸುಗಳು. ಇಲ್ಲಿ ಮೇಲ್ ಓದ್ತಾರೆ. ಹಳೆ ಫಾರಂ ಯಾರು ಓದ್ತಾರೆ, ಹೇಳು?”

“ಮನೇಲಿ ಬರೀಬಹುದಿತ್ತಲ್ಲ?”

“ಮನೇಲಾ! ಪೆನ್ನು ಹಿಡಿದರೆ ಸೊಸೆ ‘ಏನತ್ತೆ ಬರೀತಿದೀರಾ’ ಅಂತಾಳೆ. ಮೊಮ್ಮಗಳು ‘ದಾದೀ, ಪಢ್ ಕೇ ಸುನಾವೋ ನಾ’ ಅಂತಾಳೆ. ಒಳ್ಳೆಯವರೇ. ಆದರೆ ಓದಿ ಹೇಳಿಬಿಟ್ಟರೆ ಅದು ಬರೀ ಕತೆ ಆಗಿಹೋಗತ್ತೆ.”

ಎರಡು ಭಾನುವಾರ ಹುಡುಕಿದೆ. ನಾನು ಕೆಲಸ ಮಾಡುವ ಕಂಪನಿಯಲ್ಲಿ ಕಂಪ್ಯೂಟರ್ ಬಲ್ಲವರನ್ನೂ ಕೇಳಿದೆ. ಏನೂ ಸಿಗಲಿಲ್ಲ; ಅಷ್ಟು ಚೆನ್ನಾಗಿ ಅಳಿಸಿದ್ದೆ. ನಾನು ಹುಡುಕುತ್ತಿದ್ದಾಗ ಅವರು ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಜ್ಞಾಪಕಕ್ಕೆ ಬಂದದ್ದನ್ನು ಹೇಳುತ್ತಿದ್ದರು. ಸಚಿವಾಲಯದ ಉದ್ದನೆಯ ಮೊಗಸಾಲೆಯಲ್ಲಿ ಮೊಣಕಾಲುದ್ದ ನೀರು. ಫೈಲುಗಳು ಬಾತುಕೋಳಿಗಳಂತೆ ಸಾಲಾಗಿ ತೇಲುತ್ತವೆ, ಒಂದೊಂದರ ಕೊರಳಿಗೂ ಕೆಂಪು ದಾರ. ಇನ್ನೊಂದರಲ್ಲಿ, ಯಾವಾಗಲೋ ತೀರಿಹೋದ ಅಮ್ಮ ಮೆಟ್ರೋದ ಎದುರು ಸೀಟಿನಲ್ಲಿ ಕೂತು ಹಿಂದಿಯಲ್ಲಿ ಮಾತಾಡುತ್ತಾರೆ. ಬದುಕಿದ್ದಾಗ ಒಂದು ಪದ ಹಿಂದಿ ಬಾರದವರು. ನಿಲ್ದಾಣ ಬರುತ್ತದೆ, ಬಾಗಿಲು ತೆರೆಯುವುದಿಲ್ಲ, ಹೊರಗೆ ಬರೀ ಬಿಳಿ ಮಂಜು.

“ಆಮೇಲೆ ಅಮ್ಮ ಏನೋ ಅಂದರು,” ಎಂದು ಆಂಟಿ ನಿಲ್ಲಿಸಿದರು. “ತುಂಬಾ ಮುಖ್ಯವಾದ್ದು. ಅದನ್ನ ಬರೆದಿಟ್ಟಿದ್ದೆ. ಬರೆದಿಟ್ಟಿದೀನಲ್ಲ ಅಂತ ನೆನಪಿಟ್ಟುಕೊಳ್ಳಲಿಲ್ಲ.”

ಮುಂದಿನ ಭಾನುವಾರ, ಹೊಸ ಕನಸುಗಳನ್ನಾದರೂ ಇಟ್ಟುಕೊಳ್ಳಲೆಂದು, ಒಂದು ಪೆನ್‌ಡ್ರೈವ್ ತಂದುಕೊಟ್ಟೆ.

“ಮನೇಲಿ ಯಾರಾದರೂ ಹಾಕಿ ನೋಡ್ತಾರೆ.”

“ಪಾಸ್‌ವರ್ಡ್ ಇಟ್ಟುಕೊಡ್ತೀನಿ ಆಂಟಿ.”

“ಬೀಗ ಕಂಡರೆ ತಾನೇ ಒಳಗೇನಿದೆ ಅನ್ನೋ ಪ್ರಶ್ನೆ ಬರೋದು?” ಎಂದು ನಕ್ಕು ಅದನ್ನು ನನ್ನ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿದರು. ಆ ಬಾಗಿಲು, ಬೀಗದ ಮಾತಿಗೆ ಚಪ್ಪಾಳೆ ಗಿಟ್ಟಿಸಿದವಳು ನಾನು.

ಈಗಲೂ ಬರುತ್ತಾರೆ. ಅದೇ ಕಿಟಕಿ, ಅದೇ ಕುರ್ಚಿ. ಬೆರಳುಗಳು ಕೀಲಿಗಳ ಮೇಲೆ ಓಡುತ್ತವೆ. ಒಮ್ಮೆ ತುಟಿಯಲ್ಲೇ ಓದಿಕೊಳ್ಳುತ್ತಾರೆ. ತಾವೇ ‘ಮುಗಿಯಿತು’ ಒತ್ತುತ್ತಾರೆ. ಪರದೆ ಬೆಳ್ಳಗಾಗುತ್ತದೆ. ಆ ಬಿಳಿಯನ್ನು, ಬಾಗಿಲು ತೆರೆಯಲೆಂದು ಕಾಯುವವರಂತೆ, ಸ್ವಲ್ಪ ಹೊತ್ತು ನೋಡುತ್ತ ಕೂರುತ್ತಾರೆ.

ಕಳೆದ ಭಾನುವಾರ ಮೆಟ್ಟಿಲಿಳಿಯುವಾಗ ಅವರ ಕೈ ಹಿಡಿದುಕೊಂಡಿದ್ದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದೆಂದು ನಮಗೆ ಕಲಿಸಿದ್ದಾರೆ. ಅವರು ಎದುರಾಳಿಯೇ ಅಲ್ಲವಲ್ಲ ಎಂದುಕೊಂಡು ಕೇಳಿದೆ:

“ಆಂಟಿ, ಅವತ್ತು ಸಭೇಲಿ ನಾನು ‘ಇಟ್ಟವರ ತಪ್ಪು’ ಅಂದಾಗ ಎಲ್ಲಾ ಹೋಗಿಬಿಡತ್ತೆ ಅಂತ ನಿಮಗೆ ಗೊತ್ತಾಗಿತ್ತಲ್ವಾ? ಒಂದು ಮಾತು ಯಾಕೆ ಹೇಳಲಿಲ್ಲ?”